ಬೆಂಕಿಪೊಟ್ಟಣದ ಪ್ಯಾಸೆಂಜರ್

ನಮ್ಮೂರಿನ ಹೆಸರು ಕೇಳಬೇಡಿ, ಹೇಳಿದರೂ ನಿಮ್ಮ ಫೋನಿನ ನಕ್ಷೆಯಲ್ಲಿ ಅದು ಸಿಗುವುದಿಲ್ಲ. ಗುಂಗಿ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಡಿ. ನಿಮ್ಮೂರಿಗೆ ಸೊಳ್ಳೆ ಎಲ್ಲಿಂದ ಬರುತ್ತದೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? ಇಲ್ಲಿ ಒಬ್ಬ ಮನುಷ್ಯ ಒಂದೇ ಕೊರಗನ್ನು ಏಳನೇ ಸಲ ತಲೆಯೊಳಗೆ ತಿರುಗಿಸಿದನೆಂದರೆ ಅವನ ತಲೆಯ ಮೇಲೆ ಕಪ್ಪು ಗುಂಗಿಹುಳವೊಂದು ಜುಂಯ್ ಎಂದು ಸುತ್ತತೊಡಗುತ್ತದೆ. ಎಂಟನೇ ಸಲಕ್ಕೆ ಕೊಂಚ ದಪ್ಪವಾಗುತ್ತದೆ. ಕೊರಗು ಬಿಟ್ಟರೆ ಹುಳವೂ ಬಿಡುತ್ತದೆ. ಅಷ್ಟೇ ಕಥೆ, ಫ್ಲ್ಯಾಶ್‌ಬ್ಯಾಕ್ ಇಲ್ಲ.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಕ್ಷೌರದಂಗಡಿಯಲ್ಲಿ ಕುರ್ಚಿಯಲ್ಲಿ ಕೂರುವ ಮೊದಲು 'ಗುಂಗಿ ಇದ್ಯಾ?' ಎಂದು ಕೇಳುತ್ತಾರೆ, ಇದ್ದರೆ ಕತ್ತರಿಯವನ ಹೆಂಡತಿ ಬೀಸಣಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ಟಾಕೀಸಿನಲ್ಲಿ ಗುಂಗಿ ಇರುವವರಿಗೆ ಕೊನೆಯ ಎರಡು ಸಾಲು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿನ ಕಡೆಯವರು ಹುಡುಗನ ಮುಖಕ್ಕಿಂತ ಮೊದಲು ಅವನ ನೆತ್ತಿಯ ಮೇಲಿನ ಒಂದಡಿ ಗಾಳಿಯನ್ನು ನೋಡುತ್ತಾರೆ. ಪರೀಕ್ಷೆಯ ದಿನ ಶಾಲೆಯ ಕಿಟಕಿಗಳನ್ನೆಲ್ಲ ತೆಗೆದಿಡುತ್ತಾರೆ, ಇಲ್ಲದಿದ್ದರೆ ಒಳಗೆ ತಂಬೂರಿ ಶ್ರುತಿ ಮಾಡಿದ ಹಾಗೆ.

ನಾನು ತಿಮ್ಮೇಶ. ಆಟೋಗೆ ಮೈಕು ಕಟ್ಟಿಕೊಂಡು ಸಿನಿಮಾ, ಸರ್ಕಸ್ಸು, ಪಲ್ಸ್ ಪೋಲಿಯೊ, ಕಾಣೆಯಾದ ಎಮ್ಮೆ ಎಲ್ಲದಕ್ಕೂ ಪ್ರಚಾರ ಕೂಗುವವನು. ಇಪ್ಪತ್ತೆರಡು ವರ್ಷಕ್ಕೆ ನನ್ನ ತಲೆಯ ಮೇಲೆ ಒಂದೇ ಒಂದು ಗುಂಗಿ ಹಾರಿರಲಿಲ್ಲ. 'ನನ್ನ ತಲೆ ಖಾಲಿ ಸೈಟು, ಹುಳ ಕೂಡ ಬೇಲಿ ನೋಡಿ ವಾಪಸ್ ಹೋಗುತ್ತೆ' ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಊರಿನವರು ನನ್ನನ್ನು ಟ್ರೈಲರ್ ಎಂದು ಕರೆಯುವುದಕ್ಕೆ ಕಾರಣ ನನ್ನ ಉದ್ಯೋಗವಲ್ಲ, ನನ್ನ ಚೇಷ್ಟೆ. ಯಾರಾದರೂ ನೆಮ್ಮದಿಯಾಗಿ ಕೂತಿದ್ದರೆ ಹತ್ತಿರ ಹೋಗಿ, ದನಿ ಇಳಿಸಿ, ಹಿನ್ನೆಲೆ ಸಂಗೀತವೊಂದೇ ಬಾಕಿ ಎನ್ನುವ ಹಾಗೆ ಹೇಳುತ್ತಿದ್ದೆ: 'ನಿಮ್ ಬಗ್ಗೆ ಒಬ್ರು ಒಂದ್ ಮಾತು ಹೇಳಿದ್ರು...' ಅವರು 'ಯಾರು? ಏನು?' ಅನ್ನುವಷ್ಟರಲ್ಲಿ 'ಬಿಡಿ, ಆಮೇಲ್ ಹೇಳ್ತೀನಿ' ಎಂದು ಎದ್ದುಬಿಡುತ್ತಿದ್ದೆ. ಟ್ರೈಲರ್ ಮಾತ್ರ, ಪಿಕ್ಚರ್ ಇಲ್ಲ. ಸಂಜೆಯೊಳಗೆ ಅವರ ತಲೆಯ ಮೇಲೆ ಹುಳ. ಬೇರೆ ಊರುಗಳಲ್ಲಿ ತಲೆಗೆ ಹುಳ ಬಿಡುವುದು ಎನ್ನುವುದು ಬರೀ ಮಾತು, ನಮ್ಮೂರಲ್ಲಿ ಅದು ನನ್ನ ಕೈಚಳಕ. ಮರುದಿನ 'ಸುಮ್ನೆ ಹೇಳ್ದೆ ಕಣಣ್ಣ' ಎಂದರೆ ಅವರು ಬೈದು ನಗುತ್ತಿದ್ದರು, ಹುಳ ಹಾರಿಹೋಗುತ್ತಿತ್ತು. ಹಾರದೇ ಉಳಿದದ್ದು ಜಲಜಕ್ಕನ ಹುಳ ಒಂದೇ.

ಜಲಜಕ್ಕ ನಮ್ಮ ಊರಿನ ಏಕೈಕ ಬಸ್ಸಿನ ಕಂಡಕ್ಟರ್. ಹನ್ನೊಂದು ವರ್ಷದಿಂದ ಅದೇ ಬಸ್ಸು, ಅದೇ ಸೀಟಿ. ಅವತ್ತು ನಾನು ಫುಟ್‌ಬೋರ್ಡಿನಲ್ಲಿ ಒಂದು ಕೈಯಲ್ಲಿ ನೇತಾಡುತ್ತಿದ್ದೆ.

"ಒಳಗ್ ಬಾರೋ ಟ್ರೈಲರ್. ಹೀರೋ ಎಂಟ್ರಿ ಎಲ್ಲ ಇಳಿಯುವಾಗ ಕೊಡು."

"ಹೀರೋ ಎಲ್ಲಿ ನಿಂತ್ರೂ ಅದು ಎಂಟ್ರೀನೇ ಅಕ್ಕ."

"ಕಂಬ ತಗುಲಿದ್ರೆ ಅದೇ ಎಂಡಿಂಗು."

ಬಸ್ಸೆಲ್ಲ ನಕ್ಕಿತು. ಸೋತು ಇಳಿಯುವ ಅಭ್ಯಾಸ ನನಗಿಲ್ಲ. ನನ್ನ ಸ್ಟಾಪು ಬಂದಾಗ ಬಾಗಿಲ ಬಳಿ ನಿಂತು, ದನಿ ಇಳಿಸಿ ಹೇಳಿದೆ: "ಅಕ್ಕ, ನಿಮ್ ಬಗ್ಗೆ ಒಬ್ರು ಒಂದ್ ಮಾತು ಹೇಳಿದ್ರು..."

"ಯಾರು? ಏನಂತೆ?"

"ಬಿಡಿ. ಆಮೇಲ್ ಹೇಳ್ತೀನಿ." ಇಳಿದೆ. ಬಸ್ಸು ಹೊರಟರೂ ಅವರು ಸೀಟಿ ಊದುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದರು. ನನಗೆ ಖುಷಿಯಾಯಿತು. ಶಿಳ್ಳೆ ಬೀಳುವ ಸೀನು ಎಂದುಕೊಂಡೆ.

ಎರಡು ವಿಷಯ ನನಗೆ ಆಗ ಗೊತ್ತಿರಲಿಲ್ಲ. ಮೊದಲನೆಯದು, ಡ್ರೈವರ್ ಬೋರಣ್ಣ ಆ ತಿಂಗಳು ನಿವೃತ್ತರಾಗುತ್ತಿದ್ದರು, ಹದಿನೈದು ದಿನಕ್ಕೆ ಹೊಸ ಡ್ರೈವರ್ ಟೆಸ್ಟು, ಅದಕ್ಕೆ ಜಲಜಕ್ಕ ಹೆಸರು ಕೊಟ್ಟಿದ್ದರು. ಡಿಪೋ ಗೋಡೆಯ ಮೇಲೆ ಬರೆದದ್ದನ್ನು ಊರಿನ ಮಕ್ಕಳೂ ಬಾಯಿಪಾಠ ಹೇಳುತ್ತಾರೆ: 'ತಲೆಯ ಮೇಲೆ ಗುಂಗಿ ಸುತ್ತುತ್ತಿರುವವರು ಸ್ಟಿಯರಿಂಗ್ ಮುಟ್ಟತಕ್ಕದ್ದಲ್ಲ.' ಎರಡನೆಯದು ಗಡಿಯಾರದ ವಿಷಯ. ಐದು ವರ್ಷದ ಹಿಂದೆ ಬೋರಣ್ಣ ಒಂದು ದಿನ 'ತಗೋಳವ್ವ, ನೀನೊಂದ್ ಸಲ ತಿರುಗ್ಸು' ಎಂದು ಸ್ಟಿಯರಿಂಗ್ ಕೊಟ್ಟಾಗ ಜಲಜಕ್ಕ ಬಸ್ಸನ್ನು ಹಿಂದಕ್ಕೆ ತೆಗೆಯಲು ಹೋಗಿ ಬಸ್ ಸ್ಟ್ಯಾಂಡಿನ ಗಡಿಯಾರದ ಕಂಬಕ್ಕೆ ಗುದ್ದಿದ್ದರು. ಕಂಬ ಬೀಳಲಿಲ್ಲ, ಎಡಕ್ಕೆ ವಾಲಿತು. ಗಡಿಯಾರ ಇವತ್ತಿಗೂ ಸರಿಯಾಗಿ ನಡೆಯುತ್ತದೆ, ಆದರೆ ಸಮಯ ನೋಡಲು ಇಡೀ ಊರು ಕತ್ತು ಎಡಕ್ಕೆ ವಾಲಿಸುತ್ತದೆ. ಯಾಕೆ ವಾಲಿಸುತ್ತೇವೆ ಎಂಬುದನ್ನು ನಾವೆಲ್ಲ ಯಾವಾಗಲೋ ಮರೆತಿದ್ದೆವು. ಒಬ್ಬರು ಮಾತ್ರ ಮರೆತಿರಲಿಲ್ಲ. ದಿನಕ್ಕೆ ಹದಿನಾರು ಟ್ರಿಪ್ಪು, ಪ್ರತಿ ಟ್ರಿಪ್ಪಿನಲ್ಲೂ ನೂರು ಜನ ಕತ್ತು ವಾಲಿಸುವುದನ್ನು ನೋಡುತ್ತಾ ಅವರು 'ಇವ್ರೆಲ್ಲ ನನ್ನೇ ಆಡ್ಕೊಳ್ತಿದ್ದಾರೆ' ಎಂದುಕೊಂಡು, ಏಳನೇ ಸಲಕ್ಕೆ ಮೊದಲೇ ಹೇಗೋ ನಿಲ್ಲಿಸಿಕೊಳ್ಳುತ್ತಿದ್ದರಂತೆ. ನನ್ನ ಅರ್ಧ ಮಾತು ಸೀದಾ ಹೋಗಿ ಆ ಕಂಬಕ್ಕೇ ಗುದ್ದಿತು.

ಮರುದಿನ ಬಸ್ಸು ಹತ್ತಿದಾಗ ಜಲಜಕ್ಕನ ತಲೆಯ ಮೇಲೆ ಹುಣಸೆಬೀಜದಷ್ಟು ಗುಂಗಿ. ಬೋರಣ್ಣ ಸ್ಟಿಯರಿಂಗ್ ಹಿಂದಿನಿಂದ ನನ್ನನ್ನು ಕರೆದರು. "ಲೋ, ಯಾರೋ ಅವ್ಳಿಗೆ ಏನೋ ಹೇಳವ್ರೆ. ಟೆಸ್ಟ್ ಹೊತ್ತಿಗೆ ಆ ಹುಳ ಹೋಗ್ದಿದ್ರೆ ಹನ್ನೊಂದ್ ವರ್ಷದ ಆಸೆ ಹೋಯ್ತು. ಅವನು ಸಿಕ್ಕಿದ್ರೆ ಟೈರಿನಡಿ ಮಲಗಿಸ್ತೀನಿ."

ಅವನು ಸಿಕ್ಕಿದ್ದಾನೆ, ನಿಮ್ಮ ಗೇರಿನ ಪಕ್ಕದಲ್ಲೇ ನಿಂತಿದ್ದಾನೆ ಎಂದು ಹೇಳುವ ಧೈರ್ಯ ಯಾವ ಹೀರೋಗೂ ಬರುವುದಿಲ್ಲ. ಹಿಂದಕ್ಕೆ ಹೋಗಿ ಜಲಜಕ್ಕನಿಗೆ ಹೇಳಿದೆ. "ಅಕ್ಕ, ಯಾರೂ ಏನೂ ಹೇಳಿಲ್ಲ. ನಾನೇ ಸುಮ್ನೆ ಬಿಟ್ಟಿದ್ದು. ತಪ್ಪಾಯ್ತು."

ಅವರು ನನ್ನ ಮುಖವನ್ನೇ ನೋಡಿದರು. "ನಂಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದ್ದೀಯ. ಇರ್ಲಿ ಬಿಡು. ಒಳ್ಳೆ ಹುಡುಗ ಕಣೋ ನೀನು."

ಒಳ್ಳೆ ಹುಡುಗ ಎಂದು ಯಾರಾದರೂ ನನ್ನನ್ನು ಕರೆದದ್ದು ಅದೇ ಮೊದಲು. ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಇನ್ನೊಂದು ಪ್ರಯತ್ನ ಮಾಡಿದೆ. "ಸರಿ, ನಿಜ ಹೇಳ್ತೀನಿ. ಬೋರಣ್ಣ ಹೇಳಿದ್ರು. ಜಲಜ ನನಗಿಂತ ಚೆನ್ನಾಗಿ ಓಡಿಸ್ತಾಳೆ ಅಂತ."

"ಒಳ್ಳೆ ಮಾತಾಗಿದ್ರೆ ಅವತ್ತೇ ಯಾಕ್ ಹೇಳ್ಲಿಲ್ಲ?"

ಜುಂಯ್. ನನ್ನ ಕಣ್ಣೆದುರೇ ಹುಳ ನೆಲ್ಲಿಕಾಯಿಯಷ್ಟಾಯಿತು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ನನ್ನ ಕಿವಿಯ ಬಳಿಯೂ ಜುಂಯ್ ಎಂದಿತು. ಕನ್ನಡಿ ನೋಡಿದೆ. ಖಾಲಿ ಸೈಟಿಗೆ ಬಾಡಿಗೆದಾರ ಬಂದಿದ್ದ.

ಆರೋಗ್ಯ ಕೇಂದ್ರದ ಲವೀನಾ ಸಿಸ್ಟರ್ ಸಮುದ್ರದ ಕಡೆಯವರು. ಊರಿನ ಗುಂಗಿಗಳ ಚಿಕಿತ್ಸೆ ಅವರ ಪಾಲಿಗೆ ಬಂದಿದೆ. ನನ್ನ ತಲೆಯ ಮೇಲಿನದನ್ನು ನೋಡಿ ಅವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. "ಟ್ರೈಲರಿಗೂ ಬಂತಾ? ಎಂತ ಮಾಡಿದೆ ಮಾರಾಯ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಗುಂಗಿಗೆ ಉತ್ತರ ಕೊಡ್ಲಿಕ್ಕೆ ಹೋಗಬಾರದು. ಉತ್ತರ ಅಂದ್ರೆ ಅದಕ್ಕೆ ಊಟ. ಒಂದು ತುತ್ತು ಕೊಟ್ಟರೆ ಇನ್ನೊಂದು ಕೇಳ್ತದೆ. ಹೊತ್ತು ಗೊತ್ತು ಮಾಡ್ಬೇಕು. ಇಂಥಾ ಗಂಟೆಗೆ ಬಾ, ಆಗ ಕೂತು ಮಾತಾಡುವ, ಈಗ ಕೆಲಸ ಉಂಟು, ಅಷ್ಟೇ." ಅದಕ್ಕೆಂದೇ ಅವರ ತಂಗಿಯ ಮಗಳು ಒಂದು ಆ್ಯಪ್ ಮಾಡಿಕೊಟ್ಟಿದ್ದಳಂತೆ. ಆರು ತಿಂಗಳಾದರೂ ಊರಲ್ಲಿ ನಾಲ್ಕೇ ಜನ ಹಾಕಿಕೊಂಡಿದ್ದರು. ತೆರೆದು ತೋರಿಸಿದರು. ಪರದೆಯ ಮೇಲೆ ಹೀಗಿತ್ತು: 'ತಾವು ಪ್ರಸ್ತುತ ಪುನರಾವರ್ತಿತ ನಕಾರಾತ್ಮಕ ಚಿಂತನೆಗೆ ಒಳಪಟ್ಟಿರುವಿರಾ?'

"ಸಿಸ್ಟರ್, ಇದು ಕರೆಂಟ್ ಕಟ್ ಮಾಡೋ ನೋಟಿಸ್ ಥರ ಇದೆ."

"ಹಾಲಿನ ಸಿದ್ದಪ್ಪನೂ ಹಾಗೇ ತಿಳ್ಕೊಂಡ. ಆ ಚಿಂತೆಗೆ ಅವನಿಗೆ ಇನ್ನೊಂದು ಗುಂಗಿ ಬಂತು." ಅವರು ಫೋನನ್ನು ನನ್ನ ಕಡೆ ತಳ್ಳಿದರು. "ಬಾಯಿಂದ ಹುಳ ಬಿಟ್ಟಿದ್ದೀಯಲ್ಲ, ಬಾಯಿಂದಲೇ ತೆಗಿ. ಇದಕ್ಕೆ ಮಾತು ನಿನ್ನದು, ದನಿ ನಿನ್ನದು."

ಎರಡು ದಿನ ಆಟೋವನ್ನು ನಿಲ್ಲಿಸಿ, ಕಂಬಳಿ ಹೊದ್ದು, ಒಳಗೆ ಕೂತು ಧ್ವನಿಮುದ್ರಣ ಮಾಡಿದೆ. ತಲೆಯ ಮೇಲೆ ಗುಂಗಿ ಸುತ್ತತೊಡಗಿದಾಗ ಆ್ಯಪ್ ಒತ್ತಿದರೆ ಖಳನಾಯಕ ಮೆಟ್ಟಿಲಿಳಿದು ಬರುವ ದನಿಯಲ್ಲಿ ನಾನು ಮಾತಾಡುತ್ತೇನೆ: 'ಏನ್ ಗುರೂ... ಅದೇ ಸೀನು, ಅದೇ ಡೈಲಾಗು, ಅದೇ ಅಳು. ಎಷ್ಟನೇ ಷೋ ಇದು?' ಏಳು, ಎಪ್ಪತ್ತು, ಹೌಸ್‌ಫುಲ್ ಎಂದು ಮೂರು ಗುಂಡಿ. ಯಾವುದನ್ನು ಒತ್ತಿದರೂ ಮುಂದಿನ ಮಾತು ಒಂದೇ: 'ಈ ಏರಿಯಾದಲ್ಲಿ ಪರ್ಮಿಷನ್ ಇಲ್ದೆ ಗಾಳೀನೂ ರೌಂಡ್ ಹೊಡೆಯಲ್ಲ. ಈ ಪಿಕ್ಚರ್ ಇವತ್ತು ಸಂಜೆ ಐದೂವರೆಗೆ, ಹದಿನೈದೇ ನಿಮಿಷ. ಈಗ ಕೈಯಲ್ಲಿರೋ ಕೆಲಸ ಏನು? ಒಂದ್ ಹೇಳು.' ಅವರು ಹೇಳುತ್ತಾರೆ, ಸೊಪ್ಪು ಬಿಡಿಸ್ತಿದ್ದೀನಿ, ಗುಂಡಿ ಹೊಲೀತಿದ್ದೀನಿ, ಏನೋ ಒಂದು. ಕೊನೆಗೆ ಗುಂಗಿಯ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದೇ ಗುಂಡಿ: ಸಾಕು. ಸಂಜೆ ಐದೂವರೆಗೆ ಎಲ್ಲರ ಫೋನೂ ಒಟ್ಟಿಗೆ ಕೂಗುತ್ತದೆ: 'ಬಾಗಿಲು ತೆಗೀರಿ, ಷೋ ಟೈಮ್.'

ಪ್ರಚಾರವನ್ನೂ ನಾನೇ ಕೂಗಿದೆ. ಒಂದು ವಾರಕ್ಕೆ ಅರ್ಧ ಊರು ಹಾಕಿಕೊಂಡಿತು. ಒಂದು ಬೆಳಿಗ್ಗೆ ಬಸ್ಸು ಹತ್ತಿದರೆ ಜಲಜಕ್ಕ ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ನನ್ನನ್ನೇ ಕಾಯುತ್ತಿದ್ದರು.

"ಟ್ರೈಲರ್, ಇದಕ್ಕೆ ಬೆಲ್ಲದ ನೀರು ಸಾಕಾಗುತ್ತಾ, ಜೇನುತುಪ್ಪಾನೇ ಬೇಕಾ?"

"ಯಾವುದಕ್ಕಕ್ಕ?"

"ಇದಕ್ಕೆ ಕಣೋ." ಪೊಟ್ಟಣವನ್ನು ಕೊಂಚ ತೆರೆದರು. ಒಳಗೆ ಹತ್ತಿಯ ಮೇಲೆ ನೆಲ್ಲಿಕಾಯಿ ಗಾತ್ರದ ಗುಂಗಿ ಕಾಲು ಮಡಚಿ ಕೂತಿತ್ತು, ಮದುವೆ ಮನೆಗೆ ಬಂದ ನೆಂಟನ ಹಾಗೆ. "ನಿನ್ ಆ್ಯಪೇ ಹೇಳಿದ್ದು. ಹುಳದ ಚಿತ್ರ ಹಾಕಿ ಕೆಳಗೆ ಬರ್ದಿದ್ಯಲ್ಲ, ಸಾಕು ಅಂತ. ಅದ್ಕೇ ಸಾಕ್ದೆ."

ನಾನು ಬರೆದದ್ದು ಇನ್ನು ಸಾಕು, ನಿಲ್ಲಿಸು ಎನ್ನುವ ಸಾಕು. ಅವರು ಓದಿದ್ದು ನಾಯಿ ಸಾಕು, ಕೋಳಿ ಸಾಕು ಎನ್ನುವ ಸಾಕು. ಬಸ್ಸಿನೊಳಗೆ ತಿರುಗಿ ನೋಡಿದೆ. ಹಾಲಿನ ಸಿದ್ದಪ್ಪನ ತೊಡೆಯ ಮೇಲೆ ಎರಡು ಬೆಂಕಿಪೊಟ್ಟಣ. ಗಣಿತದ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಕುಂಕುಮದ ಡಬ್ಬಿ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು. ಒಬ್ಬ ಅಜ್ಜಿ ಎಲೆಯಡಿಕೆ ಡಬ್ಬಿಯಲ್ಲೇ ಒಂದು ಖಾನೆ ಬಿಟ್ಟುಕೊಟ್ಟಿದ್ದರು. ಬಸ್ಸು ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು.

ಆರೋಗ್ಯ ಕೇಂದ್ರಕ್ಕೆ ಓಡಿದೆ. "ಸಿಸ್ಟರ್, ಅನಾಹುತ ಆಯ್ತು. ಊರೆಲ್ಲ ಹುಳ ಸಾಕ್ತಾ ಇದೆ. ಗುಂಡಿ ಬದಲಾಯಿಸಿ."

ಲವೀನಾ ಸಿಸ್ಟರ್ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಕೇಳಿದರು: "ಹುಳ ದಪ್ಪ ಆಗಿದ್ಯಾ?"

"ಇಲ್ಲ."

"ತಲೆ ಮೇಲೆ ಹಾರ್ತದಾ?"

"ಇಲ್ಲ. ಐದೂವರೆಗೆ ಬಿಟ್ಟಾಗ ಮಾತ್ರ."

"ಮತ್ತೆಂತ ಬದಲಾಯಿಸುದು? ಹೊತ್ತು ಗೊತ್ತು ಮಾಡು, ಉಳಿದ ಹೊತ್ತು ಓಡಿಸು ಅಂತ ಆರು ತಿಂಗಳಿಂದ ನಾನೇ ತಪ್ಪು ಹೇಳ್ತಿದ್ದೆ. ಓಡಿಸಿದ್ರೆ ಅದು ಇನ್ನೂ ಸುತ್ತುದು. ಬೆಲ್ಲದ ನೀರು ಕುಡಿದ್ರೆ ಅದು ದಪ್ಪ ಆಗುದಿಲ್ಲ ಮಾರಾಯ, ಉತ್ತರ ಕುಡಿದ್ರೆ ಆಗ್ತದೆ."

ಆಮೇಲಿನ ಸಂಜೆಗಳನ್ನು ನೀವು ನೋಡಬೇಕಿತ್ತು. ಐದೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೂರು ಫೋನಿನಿಂದ ನನ್ನ ದನಿ. ಜನ ಕಟ್ಟೆಯ ಮೇಲೆ ಸಾಲಾಗಿ ಕೂತು ಡಬ್ಬಿ ತೆರೆಯುತ್ತಿದ್ದರು. ಹುಳಗಳೆಲ್ಲ ಒಟ್ಟಿಗೆ ಎದ್ದು ವಾಲಿದ ಗಡಿಯಾರವನ್ನು ಸುತ್ತು ಹಾಕುತ್ತಿದ್ದವು. ಜನ ತಂತಮ್ಮ ಕೊರಗನ್ನು ಕೂತು ಕೊರಗುತ್ತಿದ್ದರು, ಆದರೆ ಪಕ್ಕದವರು ಕಡಲೆಪುರಿ ಕೊಟ್ಟಾಗ ಮಧ್ಯೆ ಮಧ್ಯೆ ಮರೆತುಬಿಡುತ್ತಿದ್ದರು. 'ನಿಂದು ನಿನ್ನೆಗಿಂತ ಸಣ್ಣದಾಗಿದೆ', 'ನಂದು ಇವತ್ತು ಬರ್ಲೇ ಇಲ್ಲ, ಡಬ್ಬೀಲೇ ನಿದ್ದೆ' ಎಂಬ ಮಾತು. ಸಿದ್ದಪ್ಪನ ಒಂದು ಹುಳ ಒಂದು ಸಂಜೆ ಹಾರಿದ್ದು ವಾಪಸ್ಸೇ ಬರಲಿಲ್ಲ. ಅವನು ಸ್ವಲ್ಪ ಅತ್ತ.

ಜಲಜಕ್ಕನ ಹುಳ ಮಾತ್ರ ಹೋಗಲಿಲ್ಲ. ನೆಲ್ಲಿಕಾಯಿ ನೆಲ್ಲಿಕಾಯಿಯಾಗಿಯೇ ಇತ್ತು. ಟೆಸ್ಟಿನ ಹಿಂದಿನ ದಿನ ನಾನು ಕೇಳಿದೆ: "ಅಕ್ಕ, ಇದು ಹೋಗ್ದಿದ್ರೆ ನಾಳೆ ಏನ್ ಗತಿ?"

ಅವರು ಸೀಟಿಯನ್ನು ಸೆರಗಿಗೆ ಒರೆಸುತ್ತಿದ್ದರು. "ಹನ್ನೊಂದ್ ವರ್ಷ ಕಂಡಕ್ಟರು ನಾನು. ಎಂಥೆಂಥೋರು ಹತ್ತವ್ರೆ. ಕುಡ್ದೋರು, ಬೈಯೋರು, ಕೋಳಿ ತರೋರು. ಇವನೂ ಒಬ್ಬ ಪ್ಯಾಸೆಂಜರ್ರು. ಹತ್ತಿದ್ದಾನೆ, ಕೂತ್ಕೊಳ್ಳಲಿ. ಅವನ ಸ್ಟಾಪು ಐದೂವರೆ. ಅದಕ್ಕೂ ಮುಂಚೆ ಬಾಯ್ ಮಾಡ್ದ ಅಂತ ಸ್ಟಿಯರಿಂಗ್ ಕೊಡೋಕಾಗುತ್ತಾ?"

ಟೆಸ್ಟಿನ ದಿನ ಬೆಳಿಗ್ಗೆ ಹತ್ತಕ್ಕೇ ಊರೆಲ್ಲ ಬಸ್ ಸ್ಟ್ಯಾಂಡಿನಲ್ಲಿ. ಟೆಸ್ಟು ತೆಗೆದುಕೊಳ್ಳಲು ಬಂದವರು ಗುರುಲಿಂಗಯ್ಯ ಎಂಬ ಇನ್ಸ್‌ಪೆಕ್ಟರು, ಬಿಸಿಲಿರಲಿ ನೆರಳಿರಲಿ ಟೋಪಿ ತೆಗೆಯದವರು. ಮೊದಲು ಜಲಜಕ್ಕನ ತಲೆಯ ಮೇಲಿನ ಗಾಳಿ ನೋಡಿದರು. ಖಾಲಿ. ಆಮೇಲೆ ಸ್ಟಿಯರಿಂಗ್ ಮುಂದಿನ ಬೆಂಕಿಪೊಟ್ಟಣ ನೋಡಿದರು.

"ಏನಮ್ಮ ಇದು?"

"ಸಾಕಿದ್ದು ಸಾರ್."

ಪೊಟ್ಟಣದೊಳಗೆ ಜುಂಯ್ ಎಂದಿತು. ಇನ್ಸ್‌ಪೆಕ್ಟರು ಎದುರಿನ ಡಿಪೋ ಗೋಡೆಯ ಬರಹವನ್ನು ಎರಡು ಸಲ ಓದಿದರು. "ತಲೆಯ ಮೇಲೆ ಅಂತಿದೆ. ಪೊಟ್ಟಣದೊಳಗೆ ಅಂತ ಇಲ್ಲ. ಬಸ್ ಹತ್ತಿ."

ಮುಂದಕ್ಕೆ ಓಡಿಸಿದ್ದೆಲ್ಲ ನೀರು ಕುಡಿದ ಹಾಗಾಯಿತು. ಊರು ಸುತ್ತಿ ಬಂದರು. ಆಮೇಲೆ ಇನ್ಸ್‌ಪೆಕ್ಟರು ಕೈ ತೋರಿಸಿದರು: "ಈಗ ರಿವರ್ಸ್. ಆ ಗಡಿಯಾರದ ಕಂಬದ ಪಕ್ಕದಲ್ಲಿ ತಂದು ನಿಲ್ಲಿಸಿ."

ಇಡೀ ಊರು ಕಂಬದ ಕಡೆ ತಿರುಗಿತು, ಅಭ್ಯಾಸಬಲದಿಂದ ಎಲ್ಲರ ಕತ್ತೂ ಒಟ್ಟಿಗೆ ಎಡಕ್ಕೆ ವಾಲಿತು. ಬಸ್ಸಿನೊಳಗಿಂದ ಪೊಟ್ಟಣದ ಸದ್ದು ನಮಗೇ ಕೇಳಿಸುವಷ್ಟು ಜೋರಾಯಿತು. ಹಿಂದಕ್ಕೆ ಬರುವ ಬಸ್ಸಿಗೆ ಕಂಡಕ್ಟರ್ ಹಿಂದೆ ನಿಂತು ದಾರಿ ಹೇಳಬೇಕು. ಕಂಡಕ್ಟರೇ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಇನ್ಸ್‌ಪೆಕ್ಟರು ಸುತ್ತ ನೋಡಿ "ದನಿ ಇರೋರು ಯಾರಾದ್ರೂ ಬನ್ನಿ" ಎಂದರು. ಬೋರಣ್ಣ ನನ್ನ ಕತ್ತಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದರು.

ಜಲಜಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಖದಲ್ಲಿ ಬೆವರು. "ತಿಮ್ಮೇಶ." ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇವತ್ತು ಟ್ರೈಲರ್ ಬೇಡ ಕಣೋ. ಅರ್ಧ ಮಾತು ಹೇಳ್ಬೇಡ."

ತಲೆಯ ಮೇಲೆ ನನ್ನ ಹುಳ ಜುಂಯ್ಗುಡುತ್ತಿತ್ತು. ಆ್ಯಪಿನಲ್ಲಿ ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ, ಈಗ ಕೈಯಲ್ಲಿರೋ ಕೆಲಸ ಏನು? ಬಸ್ಸಿನ ಹಿಂಬದಿಗೆ ಅಂಗೈ ಬಡಿದು ಕೂಗಿದೆ. "ಬರ್ಲಿ ಅಕ್ಕ, ಬರ್ಲಿ. ಕಂಬಕ್ಕೆ ಇನ್ನೂ ಹತ್ತಡಿ ಇದೆ. ಬರ್ಲಿ. ಎಡಕ್ಕೆ ಒಂದ್ ಸ್ವಲ್ಪ ಹೊಡೀರಿ. ಸಾಕು, ನೇರ ಮಾಡಿ. ಏಳಡಿ. ಬಲಗಡೆ ಜಾಗ ಧಾರಾಳವಾಗಿದೆ. ಐದಡಿ. ಕಂಬ ನಂಗೆ ಕಾಣ್ತಿದೆ, ನೀವ್ ನೋಡ್ಬೇಡಿ. ಮೂರಡಿ. ನಿಧಾನ, ನಿಧಾನ. ಒಂದಡಿ. ಹೋಲ್ಡಾನ್."

ಬಸ್ಸು ನಿಂತಿತು. ಕಂಬಕ್ಕೂ ಬಸ್ಸಿಗೂ ನಡುವೆ ಒಂದು ಮಡಚಿದ ಕೊಡೆ ತೂರುವಷ್ಟು ಜಾಗ. ಒಳಗಿಂದ ಜಲಜಕ್ಕ ಪೊಟ್ಟಣಕ್ಕೆ ಹೇಳುತ್ತಿದ್ದುದು ಕೇಳಿಸಿತು: "ಐದೂವರೆಗೆ ಕಣಪ್ಪ. ಸುಮ್ನಿರು, ಐದೂವರೆಗೆ."

ಇನ್ಸ್‌ಪೆಕ್ಟರು ಕಾಗದದ ಮೇಲೆ ಸಹಿ ಹಾಕಿದರು. ಬೋರಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಜನ ಹಾಕಿದ ಶಿಳ್ಳೆ ನಮ್ಮ ಟಾಕೀಸಿನಲ್ಲಿ ಯಾವ ಹಬ್ಬದ ಬಿಡುಗಡೆಗೂ ಬಿದ್ದಿಲ್ಲ. ಹೊರಡುವ ಮುಂಚೆ ಗುರುಲಿಂಗಯ್ಯನವರು ನನ್ನನ್ನು ಮರೆಗೆ ಕರೆದು, ಟೋಪಿಯನ್ನು ಎರಡು ಬೆರಳಷ್ಟು ಎತ್ತಿದರು. ಒಳಗಿಂದ ಸಣ್ಣಗೆ ಜುಂಯ್. "ಆ ಆ್ಯಪು... ನನ್ನ ಫೋನಿಗೂ ಹಾಕಿಕೊಡ್ತೀಯೇನಪ್ಪ?"

ಸಂಜೆ ಐದೂವರೆಗೆ ಜಲಜಕ್ಕ ಪೊಟ್ಟಣ ತೆರೆದಾಗ ಗುಂಗಿ ಹೊರಬಂದು ಗಡಿಯಾರವನ್ನು ಒಂದೇ ಸುತ್ತು ಸುತ್ತಿ, ಮುಳ್ಳಿನ ಮೇಲೆ ಕೊಂಚ ಹೊತ್ತು ಕೂತು, ಮುನಿಸಿಪಾಲಿಟಿ ಕಟ್ಟಡದ ಆಚೆ ಹಾರಿಹೋಯಿತು. "ಇಳ್ಕೊಂಡ" ಎಂದರು ಜಲಜಕ್ಕ. ನನ್ನದೂ ಯಾವಾಗಲೋ ಹೋಗಿತ್ತು, ನಾನು ಗಮನಿಸಿರಲಿಲ್ಲ.

ಮರುದಿನ ಅವರ ಮೊದಲ ಟ್ರಿಪ್ಪು. ಬೋರಣ್ಣ ಮೊದಲ ಸಾಲಿನಲ್ಲಿ ಪ್ಯಾಸೆಂಜರಾಗಿ ಕೂತಿದ್ದರು. ನಾನು ಸ್ಟಾಪಿನಲ್ಲಿ ಇಳಿದು, ಡ್ರೈವರ್ ಕಿಟಕಿಯ ಕೆಳಗೆ ನಿಂತು ಸೆಲ್ಯೂಟ್ ಹೊಡೆದೆ. ಜಲಜಕ್ಕ ಬಾಗಿ, ದನಿ ಇಳಿಸಿ ಹೇಳಿದರು:

"ತಿಮ್ಮೇಶ, ನಿನ್ ಬಗ್ಗೆ ಒಬ್ರು ಒಂದ್ ಮಾತು ಹೇಳಿದ್ರು ಕಣೋ..."

"ಯಾರು? ಏನಂತೆ?"

"ಬಿಡು. ಆಮೇಲ್ ಹೇಳ್ತೀನಿ." ಗೇರು ಹಾಕಿದರು. "ರೈಟ್, ರೈಟ್."

ಬಸ್ಸು ಹೋಯಿತು. ಸುಮ್ಮನೆ ಹೇಳಿದ್ದು ಎಂದು ನನಗೆ ಗೊತ್ತು. ಆ ಡೈಲಾಗಿನ ಕರ್ತೃವೇ ನಾನು. ಆದರೂ ಯಾರಿರಬಹುದು? ಲವೀನಾ ಸಿಸ್ಟರಾ? ಬೋರಣ್ಣನಾ? ಟೈರಿನಡಿ ಮಲಗಿಸಬೇಕಾದವನು ನಾನೇ ಎಂದು ಅವರಿಗೆ ಗೊತ್ತಾಯಿತಾ? ಏಳನೇ ಸಲ ಆಗುವಷ್ಟರಲ್ಲಿ ನಾನು ಮೂಲೆಯ ಅಂಗಡಿಯ ಮುಂದೆ ನಿಂತಿದ್ದೆ. "ಒಂದು ಬೆಂಕಿಪೊಟ್ಟಣ ಕೊಡಿ."

ಅಂಗಡಿಯವರು ಕಿವಿ ನೆಟ್ಟಗೆ ಮಾಡಿ ನನ್ನ ತಲೆಯ ಮೇಲೆ ನೋಡಿದರು. ಆಗಷ್ಟೇ ಬಂದದ್ದು, ಇನ್ನೂ ಸಾಸಿವೆಯಷ್ಟು.

"ಒಂದು ಸಾಕಾ?"

"ಒಂದು ಸಾಕು" ಎಂದೆ. ಯಾವ ಸಾಕು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.